ಡ್ರಾಯಿಂಗ್ ಹೊರಗೆ ಕೊಟ್ಟು ಮೂರು ವರ್ಷ: ಆ 18 ಮಿಮೀ ಇನ್ನೂ ಮರೆತಿಲ್ಲ

ನಮ್ಮದು ಐದು ಜನರ ವರ್ಕ್‌ಶಾಪ್. ಅಡುಗೆಮನೆ ಕಪಾಟು, ವಾರ್ಡ್‌ರೋಬ್, ಒಮ್ಮೊಮ್ಮೆ ಆಫೀಸಿನ ಕೌಂಟರ್, ಗೋಡೆಗೆ ಪ್ಯಾನೆಲಿಂಗ್. ಡ್ರಾಯಿಂಗ್ ಮಾಡುತ್ತಿದ್ದ ಹುಡುಗ ಕೆಲಸ ಬಿಟ್ಟ ಮೇಲೆ ಮೂರು ತಿಂಗಳು ನಾನೇ ರಾತ್ರಿ ಕೂತು ಎಳೆದೆ. ಆಮೇಲೆ ಸಾಕಾಗಿ, ಶಾಪ್ ಡ್ರಾಯಿಂಗ್ (ವರ್ಕ್‌ಶಾಪಿನಲ್ಲಿ ನೋಡಿಕೊಂಡು ಮಾಡುವ ಅಳತೆಯ ನಕ್ಷೆ) ಮತ್ತು ಕಟಿಂಗ್ ಲಿಸ್ಟ್ (ಯಾವ ಹಲಗೆ ಯಾವ ಅಳತೆಗೆ ಕತ್ತರಿಸಬೇಕು ಅನ್ನೋ ಪಟ್ಟಿ) ಮಾಡಿಕೊಡುವ ಒಂದು ಕಂಪನಿಗೆ ಕೊಟ್ಟೆ. ಯಾವ ಸಾಫ್ಟ್‌ವೇರ್, ಯಾವ ಫೈಲ್, ಎಷ್ಟು ದಿನಕ್ಕೆ ಕೊಡುತ್ತಾರೆ ಅನ್ನೋದೆಲ್ಲ ಇಂಥವರ ವೆಬ್‌ಪುಟದಲ್ಲೇ ಸಿಗುತ್ತದೆ, ಅದನ್ನು ಬಿಡಿ.

ಮೊದಲು ಬೈದು ಮುಗಿಸುತ್ತೇನೆ.

ಎರಡನೇ ತಿಂಗಳ ಕೆಲಸ. ಎರಡು ಗೋಡೆ ನಡುವೆ 3010 ಮಿಮೀ ಜಾಗ, ಅದರಲ್ಲಿ 600ರ ಐದು ಕಪಾಟು, ಎರಡೂ ಕಡೆ ಐದೈದು ಮಿಮೀ ಸಂದು. ಡ್ರಾಯಿಂಗ್ ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ನನಗೆ ಅನುಮಾನವೇ ಬರಲಿಲ್ಲ. ಬೋರ್ಡ್ ದಪ್ಪ 18 ಅಂತ ಹೇಳಿದ್ದೆ. ಅವರು 600ರಲ್ಲಿ ಎರಡು ಬದಿಯ 36 ಕಳೆದು ತಳದ ಹಲಗೆಗೆ 564 ಬರೆದರು. ಲೆಕ್ಕ ಸರಿ. ಆದರೆ ನಾವು ರೆಡಿ ಲ್ಯಾಮಿನೇಟ್ ಬೋರ್ಡ್ ಬಳಸೋದಿಲ್ಲ, ಬರೀ ಪ್ಲೈವುಡ್ ತಂದು ಹೊರಗೆ 1 ಮಿಮೀ, ಒಳಗೆ 0.8 ಮಿಮೀ ಲ್ಯಾಮಿನೇಟ್ ನಾವೇ ಅಂಟಿಸುತ್ತೇವೆ. ಅಲ್ಲಿಗೆ ಒಂದು ಬದಿ 19.8. ಒಂದೊಂದು ಕಪಾಟೂ 603.6 ಆಯಿತು. ಒಂದನ್ನೇ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಮೂಲೆಮಟ್ಟ ಇಟ್ಟರೆ ಸರಿ, ಡ್ರಾಯರ್ ಸಲೀಸಾಗಿ ಓಡುತ್ತದೆ. ಸೈಟಿನಲ್ಲಿ ಸಾಲಾಗಿ ಜೋಡಿಸುವಾಗ ಬಣ್ಣ ಬಯಲಾಯಿತು. ಐದೂ ಸೇರಿ 3018. 3000ಕ್ಕಿಂತ ಹೆಚ್ಚಾದದ್ದು 18 ಮಿಮೀ, ಸರಿಯಾಗಿ ಒಂದು ಹಲಗೆ ದಪ್ಪ! ಐದನೇ ಕಪಾಟು ಒಳಗೆ ಹೋಗಲೇ ಇಲ್ಲ. ಗಿರಾಕಿ ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದರು. ಅದನ್ನು ವಾಪಸ್ ತಂದು, ಬಿಚ್ಚಿ, ತಳ, ಹಿಂಬದಿ, ಡ್ರಾಯರ್, ಬಾಗಿಲು ಎಲ್ಲ ಮತ್ತೆ ಮಾಡಿದೆವು.

ಫೋನ್ ಮಾಡಿ ಕೂಗಾಡಿದೆ. ಆ ಕಡೆಯವರು ತಣ್ಣಗೆ, "ಸರ್, ನೀವು 18 ಅಂತ ಬರೆದಿದ್ದೀರಿ" ಅಂದರು. ಮೇಲ್ ತೆಗೆದು ನೋಡಿದೆ. ಹೌದು, ಬರೆದಿದ್ದೆ. ನಮ್ಮ ಹಳೇ ಹುಡುಗನಿಗೆ ಇದನ್ನೆಲ್ಲ ಹೇಳಬೇಕಿರಲಿಲ್ಲ, ಅವನ ಟೇಬಲ್ ಲ್ಯಾಮಿನೇಟ್ ಅಂಟಿಸುವ ಪ್ರೆಸ್ ಪಕ್ಕದಲ್ಲೇ ಇತ್ತು. ಆದರೂ ನನ್ನ ತಕರಾರು ಇವತ್ತಿಗೂ ಇದೇ: ಕಪಾಟಿನ ಡ್ರಾಯಿಂಗನ್ನೇ ಕಸುಬು ಮಾಡಿಕೊಂಡವರು "ಲ್ಯಾಮಿನೇಟ್ ಸೇರಿ 18ಓ, ಬಿಟ್ಟು 18ಓ" ಅಂತ ಒಂದು ಮಾತು ಕೇಳಬಹುದಿತ್ತು ಅಲ್ವಾ?

ಆವತ್ತೇ ಬಿಡಬೇಕು ಅಂದುಕೊಂಡೆ. ಬಿಡದೆ ಇದ್ದದ್ದು ದುಡ್ಡಿನ ಕಾರಣಕ್ಕೆ. ಒಂದು ತಿಂಗಳು ನಾಲ್ಕು ಕೆಲಸ ಬರುತ್ತದೆ, ಮುಂದಿನ ತಿಂಗಳು ಒಂದೂ ಇಲ್ಲ. ಇಂಥದ್ದರಲ್ಲಿ ಡ್ರಾಯಿಂಗ್‌ಗೆ ಅಂತಲೇ ಸಂಬಳದ ಆಳು ಇಟ್ಟುಕೊಳ್ಳೋದು ನಮ್ಮ ಕೈಲಾಗದ ಮಾತು. ಇವರದು ಒಂದು ಡ್ರಾಯಿಂಗ್ ಶೀಟಿಗೆ ಇಷ್ಟು ಅನ್ನೋ ಲೆಕ್ಕ, ಕೆಲಸ ಇಲ್ಲದ ತಿಂಗಳು ಖರ್ಚೂ ಇಲ್ಲ.

ಹಾಗಾಗಿ ಒಂದು ಭಾನುವಾರ ಕೂತು ನಮ್ಮ ಪದ್ಧತಿಗಳನ್ನೆಲ್ಲ ಬರೆದೆ. ಎರಡು ಪುಟ ಆದೀತು ಅಂದುಕೊಂಡಿದ್ದೆ, ಈಗ ಹನ್ನೊಂದು ಪುಟ ಇದೆ. ಹಿಂಜ್ ಕಪ್ (ಬಾಗಿಲಲ್ಲಿ ಹಿಂಜ್ ಕೂರುವ ಗುಂಡಿ) 35 ಮಿಮೀ ಅನ್ನೋದು ಅವರಿಗೆ ಗೊತ್ತು. ಶೆಲ್ಫಿನ ತೂತು ಮುಂದಿನ ಅಂಚಿನಿಂದ 37, ತೂತಿಂದ ತೂತಿಗೆ 32, ಅದೂ ಗೊತ್ತು. ಆದರೆ ಆ 37 ಎಡ್ಜ್ ಬ್ಯಾಂಡ್ (ಹಲಗೆಯ ಅಂಚಿಗೆ ಅಂಟಿಸುವ ಪಟ್ಟಿ) ಸೇರಿಸಿಯೋ, ಬಿಟ್ಟೋ? ಡ್ರಾಯರ್ ಓಡುವ ಚಾನೆಲ್‌ಗೆ ಒಂದೊಂದು ಬದಿಗೆ 12.7 ಸಾಕು, ನಾವು 13 ಬಿಡುತ್ತೇವೆ, ಅದನ್ನು ಯಾರು ಹೇಳಬೇಕು? ಕಟಿಂಗ್ ಲಿಸ್ಟಿನಲ್ಲಿ ಮೊದಲು ಬರೆಯುವ ಅಳತೆ ಯಾವಾಗಲೂ ಗ್ರೇನ್ (ಮರದ ಗೆರೆ) ದಿಕ್ಕಿನದು ಅಂತ ಬರೆಯೋದು ಬಿಟ್ಟುಹೋಗಿ, ಒಂದು ಸಲ ವೆನೀರಿನ (ತೆಳು ಮರದ ಪದರದ) ಮೂರು ಡ್ರಾಯರ್ ಮುಖಗಳು ಉದ್ದ ಗ್ರೇನಿನ ಬಾಗಿಲುಗಳ ಮಧ್ಯೆ ಅಡ್ಡ ಗ್ರೇನಾಗಿ ಬಂದವು. ಪುಟ ಏಳು ಹುಟ್ಟಿದ್ದು ಹಾಗೆ.

ಈಗ ನನ್ನ ಬೆಳಗಿನ ಕೆಲಸ ಕೇಳಿ. ಶೀಟ್‌ಗಳು ರಾತ್ರಿ ಬಂದಿರುತ್ತವೆ. ಹುಡುಗರು ಬರುವ ಮೊದಲೇ ಹೋಗಿ ಎ3ಯಲ್ಲಿ ಪ್ರಿಂಟ್ ತೆಗೆಯುತ್ತೇನೆ, ಗರಗಸದ ಮೇಜಿನ ಮೇಲಿನ ಹೊಟ್ಟನ್ನು ಕೈಯಲ್ಲೇ ಒರೆಸಿ ಹರಡುತ್ತೇನೆ. ಸ್ಕ್ರೀನ್ ಮೇಲೆ ನೋಡಿದರೆ ನನಗೆ ತಪ್ಪು ಸಿಗಲ್ಲ, ಕಾಗದವೇ ಬೇಕು. ಕೆಂಪು ಪೆನ್ನು ಹಿಡಿದು ಮೊದಲು ಒಟ್ಟು ಅಳತೆ ಕೂಡಿಸೋದು, ಆಮೇಲೆ ದಪ್ಪ, ಆಮೇಲೆ ಬಾಗಿಲು ಯಾವ ಕೈಗೆ ತೆರೆಯುತ್ತದೆ, ಕೊನೆಗೆ ಗ್ರೇನಿನ ಬಾಣ. ನೋಡಿದ್ದಕ್ಕೆ ಒಂದು ಗೀಟು, ತಪ್ಪಿಗೆ ಸುತ್ತು. ಫೋನಿನಲ್ಲಿ ಫೋಟೋ ತೆಗೆದು ಕಳಿಸಿದರೆ ಮುಗಿಯಿತು. ಗರಗಸದ ಸದ್ದು ಶುರುವಾಗುವ ಮುಂಚಿನ ಆ ಅರ್ಧ ಗಂಟೆ ನನಗೆ ಇಡೀ ದಿನದಲ್ಲೇ ಇಷ್ಟ, ಸುಳ್ಳು ಹೇಳಲ್ಲ.

ಆದರೆ ನಿಜವಾಗಿ ಮನಸ್ಸು ಕರಗಿಸಿದ್ದು ಪ್ರಶ್ನೆ ಹಾಳೆ. ಆ ಜಗಳದ ನಂತರ ಪ್ರತಿ ಕೆಲಸದ ಜೊತೆ ನಂಬರ್ ಹಾಕಿದ ಪ್ರಶ್ನೆಗಳ ಒಂದು ಹಾಳೆ ಕಳಿಸೋಕೆ ಶುರು ಮಾಡಿದರು. ಮೊದಮೊದಲು ಕಿರಿಕಿರಿ. ಸುಮ್ನೆ ಎಳೆದು ಕೊಡೋದು ಬಿಟ್ಟು ಇದೇನು ಪರೀಕ್ಷೆ ಅಂತ ಗೊಣಗುತ್ತಿದ್ದೆ. ಆಮೇಲೆ ಒಂದು ವಾರ್ಡ್‌ರೋಬ್ ಕೆಲಸದಲ್ಲಿ ಆರನೇ ಪ್ರಶ್ನೆ ಹೀಗಿತ್ತು: "ಸೈಟ್ ಫೋಟೋದಲ್ಲಿ ಎಡಗೋಡೆಯ ಬಾಗಿಲ ಚೌಕಟ್ಟು ಗಾರೆಯಿಂದ ಮುಂದೆ ಬಂದಂತಿದೆ. ಆ ಮೂಲೆಯ ಡ್ರಾಯರ್ ಎಳೆದರೆ ತಾಗುತ್ತದೆ. ಸಂದು ತುಂಬೋಕೆ 40 ಮಿಮೀ ಫಿಲ್ಲರ್ ಪಟ್ಟಿ ಹಾಕಲೇ?" ಫೋಟೋ ದೊಡ್ಡದು ಮಾಡಿ ನೋಡಿದೆ. ಚೌಕಟ್ಟು ಹೊರಗೇ ಇತ್ತು. ಆ ಮೂಲೆಯಲ್ಲಿ ಟೇಪ್ ಹಿಡಿದು ನಿಂತು ಅಳೆದವನು ನಾನು, ನನಗೆ ಕಂಡಿರಲಿಲ್ಲ. ಎಲ್ಲೋ ಕೂತು ಒಂದು ಮಸುಕು ಫೋಟೋ ನೋಡಿದವರಿಗೆ ಕಂಡಿತು. ಆವತ್ತಿನಿಂದ ಶೀಟ್ ಬಿಡಿಸುವ ಮೊದಲು ಪ್ರಶ್ನೆ ಹಾಳೆ ಓದುತ್ತೇನೆ.

ತಕರಾರು ಮುಗಿದಿಲ್ಲ. ಗಿರಾಕಿ ಮನಸ್ಸು ಬದಲಾಯಿಸಿದರೆ ತಿದ್ದುಪಡಿಯ ಬಿಲ್ ನನ್ನದು, ಅವರ ತಪ್ಪಾದರೆ ಅವರದು ಅಂತ ಮಾತು. ಯಾರ ತಪ್ಪು ಅನ್ನೋದಕ್ಕೇ ತಿಂಗಳಿಗೊಂದು ಎಳೆದಾಟ. ಅಳತೆ ತಗೊಳ್ಳೋದು ಎಂದಿಗೂ ನಿಮ್ಮ ಕೆಲಸವೇ, ಅದನ್ನು ಹೊರಗೆ ಕೊಡೋಕಾಗಲ್ಲ. ಇನ್ನೊಂದು, ನಾವು ಪ್ಯಾನೆಲ್ ಗರಗಸದ ಮೇಲೆ ಕತ್ತರಿಸುವವರು, ಲಿಸ್ಟ್ ಓದುವ ಹುಡುಗನ ಕಣ್ಣಿಗಾದರೂ ತಪ್ಪು ಬೀಳುತ್ತದೆ. ಸಿಎನ್‌ಸಿ (ಕಂಪ್ಯೂಟರ್ ಫೈಲ್ ನೋಡಿ ತಾನೇ ಕತ್ತರಿಸುವ ಮೆಷಿನ್) ಇಟ್ಟುಕೊಂಡು ಅವರ ಫೈಲನ್ನು ನೇರ ಮೆಷಿನ್‌ಗೆ ಹಾಕುವವರು ಜಾಸ್ತಿ ಹುಷಾರಾಗಿರಬೇಕು, ಮೊದಲ ಕಪಾಟು ಒಂದನ್ನೇ ಕತ್ತರಿಸಿ ಜೋಡಿಸಿ ನೋಡಿ. ವರ್ಷವಿಡೀ ಕೈತುಂಬ ಕೆಲಸ ಇದ್ದರೆ ಇದೆಲ್ಲ ಬೇಡ, ಪ್ರೆಸ್ ಪಕ್ಕ ಒಬ್ಬರನ್ನು ಕೂರಿಸಿಕೊಳ್ಳಿ.

ನನ್ನಿಂದ ಐದಕ್ಕೆ ನಾಲ್ಕು. ಹೋದ ತಿಂಗಳು ನಮ್ಮ ಕೆಲಸ ನೋಡುತ್ತಿದ್ದವರು ಬದಲಾದರು. ಹೊಸಬರು ಹನ್ನೆರಡು ಶೀಟ್ ಕಳಿಸಿದರು, ಒಂದೂ ಪ್ರಶ್ನೆ ಇಲ್ಲ. ಬಿಡಿಸಿಯೂ ನೋಡದೆ "ಪ್ರಶ್ನೆ ಎಲ್ಲಿ?" ಅಂತ ವಾಪಸ್ ಬರೆದೆ. ಮಾರನೇ ದಿನ ಒಂಬತ್ತು ಬಂದವು. ಅದರಲ್ಲಿ ಎರಡಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ, ಟೇಪ್ ತಗೊಂಡು ಮತ್ತೆ ಸೈಟಿಗೆ ಹೋದೆ.