ಆರು ಮೀಟರ್ ವೈರಿನ ಕಾಲರ್ ಮೈಕ್: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಸೀರೆಗೆ ಕುಚ್ಚು ಕಟ್ಟುವವಳು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯ ಕಿಟಕಿ ಪಕ್ಕ ಒಂದು ಮಣೆ, ಕುಚ್ಚಿನ ಸ್ಟ್ಯಾಂಡ್, ರೇಷ್ಮೆ ದಾರದ ಡಬ್ಬಗಳು. ಹನ್ನೊಂದು ವರ್ಷದಿಂದ ಅದೇ ನನ್ನ ಜಾಗ. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು, ಸೀರೆ ಬರುವುದೂ ನಿಂತಿತು. ಆಗ ಯೂಟ್ಯೂಬ್‌ನಲ್ಲಿ ಕುಚ್ಚು ಹೇಳಿಕೊಡಲು ಶುರು ಮಾಡಿದೆ. ಮದುವೆಗಳು ಮತ್ತೆ ಬಂದವು, ಸೀರೆಗಳೂ ಬಂದವು, ಚಾನೆಲ್ ಮಾತ್ರ ನಿಲ್ಲಲಿಲ್ಲ. ಈಗ ಎರಡೂ ಕೆಲಸ, ಜೊತೆಗೆ ಮನೆ.

ಕುಚ್ಚಿನ ಬಗ್ಗೆ ಕೇಳುವವರಿಗಿಂತ "ಅಕ್ಕ, ನಿಮ್ಮ ದನಿ ಇಷ್ಟು ಚೆನ್ನಾಗಿ ಕೇಳುತ್ತೆ, ಯಾವ ಮೈಕ್?" ಎಂದು ಕೇಳುವವರೇ ಜಾಸ್ತಿ. ಒಂದೆರಡು ಸಾಲಿನಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ಇವತ್ತು ಪೂರ್ತಿ ಬರೆಯುತ್ತಿದ್ದೇನೆ.

ಮೈಕ್ ಹೆಸರು ಬೋಯಾ ಬಿವೈ-ಎಂ1. 2021ರ ದೀಪಾವಳಿ ಸಮಯದಲ್ಲಿ ನನ್ನ ಕುಚ್ಚಿನ ದುಡ್ಡಲ್ಲಿ ತಗೊಂಡೆ. ಸಾವಿರಕ್ಕಿಂತ ಸ್ವಲ್ಪ ಕಡಿಮೆ ಆಗಿತ್ತು. ಯಾರೂ ಪುಕ್ಕಟೆ ಕಳಿಸಿಲ್ಲ, ಬರೆಯಿರಿ ಅಂತ ಯಾರೂ ಹೇಳಿಲ್ಲ.

ಡಬ್ಬದಲ್ಲಿ ಏನಿರುತ್ತೆ ಅಂದರೆ: ಬೆರಳ ತುದಿಯಷ್ಟು ಪುಟ್ಟ ಮೈಕ್, ಅದರ ತಲೆಗೆ ಸ್ಪಂಜಿನ ಟೋಪಿ, ಬಟ್ಟೆಗೆ ಸಿಕ್ಕಿಸುವ ಕ್ಲಿಪ್, ಒಂದು ಗುಂಡಿ ಬ್ಯಾಟರಿ, ದೊಡ್ಡ ಯಂತ್ರಗಳಿಗೆ ಹಾಕುವ ಒಂದು ದಪ್ಪ ಪಿನ್ನು, ಎಲ್ಲ ತುಂಬಿಡಲು ಒಂದು ಚೀಲ. ಮತ್ತೆ ಆ ವೈರು. ಆರು ಮೀಟರ್! ಮೊದಲ ದಿನ ಬಿಚ್ಚಿ ಹಾಸಿದಾಗ ಒಂದು ಸೀರೆಗಿಂತಲೂ ಉದ್ದ ಇತ್ತು. ಇಷ್ಟು ಯಾಕೆ ಬೇಕು ಅನಿಸಿತ್ತು.

ಅದಕ್ಕೆ ಮುಂಚೆ ಫೋನಿನ ಮೈಕಲ್ಲೇ ಮಾತಾಡುತ್ತಿದ್ದೆ. ಕುಚ್ಚಿನ ವಿಡಿಯೋಗೆ ಫೋನ್ ಮೇಲಿಂದ ಕೆಳಗೆ ನೋಡುವ ಹಾಗೆ ಇಡಬೇಕು, ಕೈ ಬೆರಳು ಕಾಣಬೇಕು ಅಲ್ವಾ. ಹಾಗಾಗಿ ಫೋನ್ ನನ್ನ ಬಾಯಿಂದ ದೂರ, ಫ್ಯಾನಿಗೆ ಹತ್ತಿರ. ನನ್ನ ದನಿಗಿಂತ ಗಾಳಿಯೇ ಮುಂದೆ ಬರುತ್ತಿತ್ತು. ಈ ಮೈಕ್ ಹಾಕಿದ ಮೊದಲ ದಿನ ಇಯರ್‌ಫೋನಲ್ಲಿ ಕೇಳಿದಾಗ ಮೈ ಜುಮ್ಮೆಂದಿತು. ದಾರ ಕತ್ತರಿಸುವ ಕಚ್ ಅನ್ನುವ ಸದ್ದು, ಮಣಿಗಳು ಸ್ಟೀಲ್ ತಟ್ಟೆಗೆ ಬೀಳುವ ಸದ್ದು, ಎಲ್ಲ ಬಿಡಿಬಿಡಿಯಾಗಿ ಕೇಳುತ್ತಿತ್ತು. ನನ್ನ ದನಿ ನನಗೇ ಪಕ್ಕದಲ್ಲಿ ಕೂತವಳ ದನಿಯ ಹಾಗೆ ಇತ್ತು.

ಹಾಕುವ ರೀತಿ ಮುಖ್ಯ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು. ಸೆರಗಿನ ಒಳಗೆ ಬಚ್ಚಿಡಬೇಡಿ. ರೇಷ್ಮೆ, ನೈಲಾನ್ ಎರಡೂ ಉಜ್ಜಿದರೆ ಮೈಕಿಗೆ ಮಳೆ ಸುರಿದ ಹಾಗೆ ಕೇಳುತ್ತದೆ. ನಾನು ಶೂಟಿಂಗ್ ದಿನ ಕಾಟನ್ ಕುರ್ತಾ ಹಾಕುತ್ತೇನೆ, ಕೊರಳ ಪಟ್ಟಿಗೆ ಕ್ಲಿಪ್. ಕ್ಲಿಪ್ ಕೆಳಗೆ ವೈರನ್ನು ಒಂದು ಸುತ್ತು ಸುತ್ತಿ ಅದೇ ಕ್ಲಿಪ್ಪಿಗೆ ಕಚ್ಚಿಸಿ. ಎಳೆದರೂ ಮೈಕ್ ಅಲ್ಲಾಡುವುದಿಲ್ಲ. ವೈರಿನ ನಡುವೆ ಒಂದು ಸ್ವಿಚ್ ಇದೆ. ಒಂದು ಕಡೆ ಫೋನಿಗೆ, ಇನ್ನೊಂದು ಕಡೆ ಕ್ಯಾಮೆರಾಗೆ. ನನ್ನ ತಂಗಿ ಕ್ಯಾಮೆರಾ ಕಡೆ ಇಟ್ಟುಕೊಂಡು ಮೈಕ್ ಹಾಳಾಗಿದೆ ಅಂತ ಎರಡು ದಿನ ಕೂತಿದ್ದಳು. ಶುರು ಮಾಡುವ ಮುಂಚೆ ಹತ್ತು ಸೆಕೆಂಡ್ ಮಾತಾಡಿ ಕೇಳಿ ನೋಡಿ, ದಿನಾ.

ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ಓದಿ. ಆ ಗುಂಡಿ ಬ್ಯಾಟರಿ ಬೇಕಾಗುವುದು ಕ್ಯಾಮೆರಾಗೆ ಮಾತ್ರ. ಫೋನಲ್ಲಿ ಬಳಸುವವರಿಗೆ ಅದರ ಅಗತ್ಯವೇ ಇಲ್ಲ. ಗುಂಡಿ ಬ್ಯಾಟರಿ ನುಂಗಿದರೆ ಮಗುವಿನ ಅನ್ನನಾಳ ಒಳಗಿಂದ ಸುಡುತ್ತದೆ, ಬಹಳ ಅಪಾಯ. ನನ್ನ ಮಗನಿಗೆ ಆಗ ಒಂದು ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಬಂದ ದಿನವೇ ಆ ಬ್ಯಾಟರಿ ತೆಗೆದು ದೇವರ ಮನೆಯ ಮೇಲಿನ ಅಟ್ಟಕ್ಕೆ ಹಾಕಿದೆ. ಇವತ್ತಿಗೂ ಅಲ್ಲೇ ಇದೆ.

ಇನ್ನು ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ಈ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತದೆ. ಅದರ ಗುಣವೇ ಹಾಗೆ. ನನ್ನ ದನಿ ಚೆನ್ನಾಗಿ ಬಂತು, ಅದರ ಜೊತೆ ಇಡೀ ಮನೆಯೂ ಬಂತು. ಕುಕ್ಕರ್ ಸೀಟಿ, ಬೀದಿಯಲ್ಲಿ ಸೊಪ್ಪಿನವಳ ಕೂಗು, ಮಗನ ಅಳು, ಅಡುಗೆ ಮನೆಯಿಂದ ಅತ್ತೆಯ ಮಾತು. ಮೊದಮೊದಲು ನನಗೆ ಅದೆಲ್ಲ ಅವಮಾನ ಅನಿಸುತ್ತಿತ್ತು. ಬೇರೆ ಚಾನೆಲ್‌ಗಳಲ್ಲಿ ಒಂದು ಸದ್ದೂ ಇರುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಕೂರುತ್ತಿದ್ದೆ. ಇಲ್ಲ ಅಂದರೆ ಬೆಳಗಿನ ಜಾವ ನಾಲ್ಕೂವರೆಗೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಫ್ಯಾನ್ ಆಫ್ ಮಾಡಿ, ಬೆವರು ಸೀರೆ ಮೇಲೆ ಬೀಳದ ಹಾಗೆ ಟವೆಲ್ ಕಟ್ಟಿಕೊಂಡು ಕುಚ್ಚು ಕಟ್ಟಿದ್ದೇನೆ. ಹಗಲು ಗಿರಾಕಿಗಳ ಸೀರೆ, ರಾತ್ರಿ ವಿಡಿಯೋ. ಮಗಳಿಗೆ ಜಡೆ ಹಾಕುವಾಗ ಕೈ ತೂಗುತ್ತಿತ್ತು, ಕಣ್ಣು ಮುಚ್ಚಿ ಹೋಗುತ್ತಿತ್ತು.

ದನಿಯೂ ಬದಲಾಗಿತ್ತು. "ಹಾಯ್ ಫ್ರೆಂಡ್ಸ್" ಅಂತ ಒಂದು ತೆಳ್ಳನೆಯ, ಎತ್ತರದ ದನಿ. ನಮ್ಮೂರಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಒಂದು ದಿನ ಮಗಳಿಗೆ "ಬಾ ಪುಟ್ಟಾ, ಊಟ ಮಾಡೋಣ" ಅಂದೆ. ಆಗ ಅವಳಿಗೆ ಆರು ವರ್ಷ. ನನ್ನ ಮುಖ ನೋಡಿ ಕೇಳಿದಳು: "ಅಮ್ಮಾ, ಇದು ನಿಜ್ವಾಗ್ಲೂ ಹೇಳ್ತಿದ್ದೀಯಾ, ವಿಡಿಯೋಗಾ?"

ನಾನು ಏನೂ ಹೇಳಲಿಲ್ಲ. ಅವಳನ್ನು ತಬ್ಬಿಕೊಂಡು ಕೂತೆ.

ಆಮೇಲೆ ರಾತ್ರಿ ಶೂಟಿಂಗ್ ಬಿಟ್ಟೆ. ಮಗಳು ಶಾಲೆಗೆ ಹೋದ ಮೇಲೆ, ಮಗ ಮಲಗಿದ ಹೊತ್ತಲ್ಲಿ, ಹನ್ನೊಂದರಿಂದ ಒಂದು ಗಂಟೆ. ಸದ್ದು ಬಂದರೆ ಬರಲಿ. ಹಾಗೆ ಮಾಡಿದ ಮೊದಲ ವಿಡಿಯೋದಲ್ಲೇ ಅತ್ತೆ ಹಿಂದಿನಿಂದ "ಎಳೆ ಹಾಗೆ ಎಳೀಬೇಡ, ತಿರುವಿ ಕಟ್ಟು, ಇಲ್ಲಾಂದ್ರೆ ಒಗೆದ ಮೇಲೆ ಬಿಚ್ಚುತ್ತೆ" ಅಂದರು. ಅವರ ತವರು ಮೊಳಕಾಲ್ಮೂರು ಕಡೆ. ಸೀರೆ ಮಗ್ಗದಿಂದ ಇಳಿಯುವುದನ್ನು ನೋಡುತ್ತಲೇ ಬೆಳೆದವರು. ಸೆರಗಿನ ಅಂಚಿನ ಎಳೆ ಹೇಗೆ ಹಿಡಿಯಬೇಕು ಅಂತ ನನಗಿಂತ ಅವರಿಗೆ ಗೊತ್ತು. ಅವರು ಹೇಳಿದ್ದು ಸರಿ ಇತ್ತು, ನಾನು ಬಿಚ್ಚಿ ಮತ್ತೆ ಕಟ್ಟಿದೆ. ಅವರನ್ನು ಕೇಳಿಯೇ ಆ ಮಾತನ್ನು ಹಾಗೇ ಬಿಟ್ಟೆ. ಜನರಿಗೆ ಅದು ತುಂಬ ಹಿಡಿಸಿತು. ಮುಂದಿನ ವಾರದಿಂದ "ಅತ್ತೆಯನ್ನು ದಿನಾ ತೋರಿಸಿ" ಅಂತ ಶುರುವಾಯಿತು. ಅತ್ತೆಗೆ ಅದು ಬೇಡ. "ನನ್ನ ಪಾಡಿಗೆ ನಾನು ಮಾತಾಡ್ತೀನಿ, ನೀ ನನ್ನನ್ನ ಕೂರಿಸಿ ಮಾತಾಡಿಸಬೇಡ" ಅಂದರು. ಅಲ್ಲಿಗೆ ಮುಗಿಯಿತು. ಅವರ ದನಿ ತಾನಾಗಿ ಬಂದರೆ ಕೇಳಿ ಇಡುತ್ತೇನೆ, ಬರದಿದ್ದರೆ ಇಲ್ಲ. ಮಕ್ಕಳ ಮುಖ ಹಾಕುವುದಿಲ್ಲ, ಅಳು ಬಂದರೆ ಅಷ್ಟು ಭಾಗ ತೆಗೆಯುತ್ತೇನೆ. ನಮ್ಮನೆಯವರ ಮಾತು ಏನೇ ಇದ್ದರೂ ತೆಗೆಯುತ್ತೇನೆ, ಅವರ ಇಷ್ಟ ಅದು.

ನಡುವೆ ಒಂದು ವೈರ್‌ಲೆಸ್ ಮೈಕೂ ತಗೊಂಡಿದ್ದೆ. ಬೇರೆ ಕಂಪನಿಯದು, ಹೆಸರು ಬೇಡ, ಯಾಕೆಂದರೆ ಮೈಕಿನ ತಪ್ಪು ಏನೂ ಇರಲಿಲ್ಲ. ಹಗುರ, ಚೆಂದ, ಹಾಕಿದ್ದೇ ಮರೆತು ಹೋಗುತ್ತೆ. ಮರೆತದ್ದೇ ತೊಂದರೆ ಆಯಿತು. ಒಂದು ಮಧ್ಯಾಹ್ನ ಶೂಟಿಂಗ್ ನಡುವೆ ಎದ್ದು ಅಡುಗೆ ಮನೆಗೆ ಹೋದೆ. ನಮ್ಮನೆಯವರು ಆಗ ತಾನೇ ಶಿಫ್ಟ್ ಮುಗಿಸಿ ಬಂದಿದ್ದರು. ಅವರ ತಮ್ಮನಿಗೆ ಕೊಟ್ಟ ಸಾಲದ ವಿಷಯ ಬಂತು. ಇಬ್ಬರೂ ಸ್ವಲ್ಪ ಜೋರಾಗಿಯೇ ಮಾತಾಡಿದೆವು. ಫೋನ್ ಮುಂದಿನ ಕೋಣೆಯಲ್ಲಿ ರೆಕಾರ್ಡ್ ಮಾಡುತ್ತಲೇ ಇತ್ತು, ಮೈಕ್ ನನ್ನ ಕೊರಳಲ್ಲಿ. ಎರಡು ದಿನ ಆದ ಮೇಲೆ ಎಡಿಟಿಂಗ್‌ಗೆ ಕೂತು ಇಯರ್‌ಫೋನ್ ಹಾಕಿದರೆ, ಪರದೆ ಮೇಲೆ ಖಾಲಿ ಮಣೆ, ಅರ್ಧ ಕಟ್ಟಿದ ಕುಚ್ಚು, ಕಿವಿಯಲ್ಲಿ ನಮ್ಮಿಬ್ಬರ ಜಗಳ. ಕೈ ತಣ್ಣಗಾಯಿತು. ಒಂದು ಕಡೆ ಮ್ಯೂಟ್ ಮಾಡದೆ ಅಪ್‌ಲೋಡ್ ಮಾಡಿದ್ದರೆ ಅಂತ ಯೋಚಿಸಿದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಅಳಿಸಿದೆ, ಅವರಿಗೂ ಹೇಳಿದೆ. ಆ ಮೈಕನ್ನು ಹೊರಗೆ ಓಡಾಡಿ ವಿಡಿಯೋ ಮಾಡುವ ಒಬ್ಬ ಹುಡುಗನಿಗೆ ಕೊಟ್ಟುಬಿಟ್ಟೆ.

ವೈರಿನ ಮೈಕಲ್ಲಿ ಇದು ಆಗುವುದೇ ಇಲ್ಲ. ಏಳಬೇಕಾದರೆ ಬಿಚ್ಚಲೇಬೇಕು. ಅದೇ ಇದರ ದೊಡ್ಡ ಗುಣ ಅಂತ ನನಗೆ ಆಮೇಲೆ ತಿಳಿಯಿತು. ಕೊರಳಲ್ಲಿ ಕ್ಲಿಪ್ ಇದ್ದರೆ ಅಮ್ಮ ಕೆಲಸದಲ್ಲಿದ್ದಾಳೆ, ಬಿಚ್ಚಿದರೆ ಕೆಲಸ ಇಲ್ಲ. ಮಕ್ಕಳಿಗೆ ಬಾಯಲ್ಲಿ ನೂರು ಸಲ ಹೇಳಿದರೂ ಗೊತ್ತಾಗದ್ದು ಆ ವೈರ್ ನೋಡಿದರೆ ಗೊತ್ತಾಗುತ್ತದೆ. ಮಗ ಈಗ ಬಾಗಿಲಲ್ಲಿ ನಿಂತು ಮೊದಲು ನನ್ನ ಕೊರಳು ನೋಡುತ್ತಾನೆ. ನನಗೂ ಅಷ್ಟೇ. ಬಿಚ್ಚಿದ ಮೇಲೆ ಫೋನ್ ಮುಟ್ಟುವುದಿಲ್ಲ ಅಂತ ಇಟ್ಟುಕೊಂಡಿದ್ದೇನೆ. ನೂರಕ್ಕೆ ನೂರು ಪಾಲಿಸಿದ್ದೇನೆ ಅಂತ ಹೇಳಲಾರೆ. ಆದರೆ ಮೊದಲಿಗಿಂತ ಎಷ್ಟೋ ವಾಸಿ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಯೂಟ್ಯೂಬ್‌ನಲ್ಲಿ ನನ್ನ ಹಾಗೆ ಉದ್ದದ ವಿಡಿಯೋ ಮಾಡುವವರಿಗೆ ಜಾಹೀರಾತಿನ ಪಾಲು ಬರಬೇಕಾದರೆ ಸಾವಿರ ಜನ ಸಬ್‌ಸ್ಕ್ರೈಬ್ ಆಗಿರಬೇಕು, ಒಂದು ವರ್ಷದೊಳಗೆ 4,000 ಗಂಟೆ ಜನ ನೋಡಿರಬೇಕು. ಆಮೇಲೂ 100 ಡಾಲರ್ ತುಂಬುವವರೆಗೆ ಖಾತೆಗೆ ಬರುವುದಿಲ್ಲ. ನನಗೆ ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಇಲ್ಲ. ಮನೆ ನಡೆಯುವುದು ಕುಚ್ಚಿನಿಂದಲೇ. ಹೀಗಿರುವಾಗ ಯಾರಾದರೂ ದುಡ್ಡು ಕೊಡುತ್ತೇವೆ ಅಂದರೆ ಮನಸ್ಸು ಅಲ್ಲಾಡುತ್ತದೆ. ಕಳೆದ ವರ್ಷ ಒಬ್ಬರು ದಾರದ ಪೆಟ್ಟಿಗೆ ಕಳಿಸಿ, "ನಾನು ಮೊದಲಿಂದಲೂ ಇದನ್ನೇ ಬಳಸೋದು ಅಂತ ಹೇಳಿ, ಜಾಹೀರಾತು ಅಂತ ಹೇಳಬೇಡಿ" ಅಂದರು. ದಾರವನ್ನು ನೀರಲ್ಲಿ ನೆನೆಸಿ ನೋಡಿದೆ. ಕೆಂಪು ದಾರ ಬಣ್ಣ ಬಿಟ್ಟಿತು. ಯಾರದೋ ಮದುವೆ ಸೀರೆಯ ಕೆನೆ ಬಣ್ಣದ ಸೆರಗಿಗೆ ಅದು ಹತ್ತಿದರೆ? ಪೆಟ್ಟಿಗೆ ವಾಪಸ್ ಕಳಿಸಿದೆ.

ಹೊಸದಾಗಿ ಚಾನೆಲ್ ಮಾಡಿದವರಿಗೆ ಗೊತ್ತಿರಲಿ: ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ಮಾರ್ಗಸೂಚಿ ತಂದಿದೆ. ದುಡ್ಡು ತಗೊಂಡರೂ, ಪುಕ್ಕಟೆ ಸಾಮಾನು ತಗೊಂಡರೂ ನೋಡುವವರಿಗೆ ಹೇಳಬೇಕು. ವಿಡಿಯೋ ಕೆಳಗೆ ಬರೆದರೆ ಸಾಲದು. ವಿಡಿಯೋದಲ್ಲೇ ಬರಹವಾಗಿಯೂ ಇರಬೇಕು, ಬಾಯಲ್ಲೂ ಹೇಳಬೇಕು. ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ. ನಾನು ಹೀಗೆ ಹೇಳುತ್ತೇನೆ: "ಈ ಮಣಿ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದು, ನೀವು ನೋಡಿ ತಗೊಳ್ಳಿ." ಇಷ್ಟು ಹೇಳಿದ್ದಕ್ಕೆ ಒಬ್ಬರೂ ಚಾನೆಲ್ ಬಿಟ್ಟು ಹೋಗಲಿಲ್ಲ.

ಮೈಕಿಗೆ ವಾಪಸ್ ಬರೋಣ. ಇದು ಎಲ್ಲರಿಗೂ ಅಲ್ಲ. ನಿಂತು ಓಡಾಡಿ ಅಡುಗೆ ಮಾಡುವವರಿಗೆ ವೈರ್ ಒಲೆ ಹತ್ತಿರ ಬರುತ್ತದೆ, ಬೇಡ. ತೋಟ, ಸಂತೆ, ಜಾತ್ರೆ ತೋರಿಸುವವರಿಗೂ ಬೇಡ. ಈಗಿನ ತುಂಬಾ ಫೋನ್‌ಗಳಲ್ಲಿ ಇಯರ್‌ಫೋನ್ ತೂತೇ ಇಲ್ಲ. ಅಂಥವರು ಟೈಪ್-ಸಿ ಕನ್ವರ್ಟರ್ ತಗೊಳ್ಳಬೇಕು, ಅದರಲ್ಲೂ ಮೈಕ್ ಹಿಡಿಯುವಂಥದ್ದನ್ನು ಅಂಗಡಿಯಲ್ಲೇ ಹಾಕಿ ನೋಡಿ ತಗೊಳ್ಳಿ. ಬರೀ ಹಾಡು ಕೇಳಲು ಇರುವ ಅಗ್ಗದ ಕನ್ವರ್ಟರ್‌ನಲ್ಲಿ ಮೈಕ್ ಕೆಲಸ ಮಾಡದೆ ಇರಬಹುದು. ಅಂಬೆಗಾಲಿಡುವ ಮಗು ಇದ್ದರೆ ಆರು ಮೀಟರನ್ನೂ ಬಿಚ್ಚಬೇಡಿ. ಬೇಕಾದಷ್ಟು ಬಿಟ್ಟು, ಉಳಿದದ್ದನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಮಣೆ ಕೆಳಗೆ ಇಡಿ. ಸ್ಪಂಜಿನ ಟೋಪಿ ಸಡಿಲ ಇರುತ್ತದೆ, ಒಂದು ಬಿಂದು ಅಂಟು ಹಚ್ಚಿದರೆ ಸಾಕು.

ಒಂದೇ ಕಡೆ ಕೂತು ಮಾಡುವ ಕೆಲಸದವರಿಗೆ, ಅಂದರೆ ಹೊಲಿಗೆ, ಕಸೂತಿ, ಕುಚ್ಚು, ಮೆಹೆಂದಿ, ಪಾಠ ಹೇಳುವುದು, ಇಂಥವರಿಗೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತೇನೆ. ಚಾರ್ಜ್ ಮಾಡುವ ತಲೆನೋವಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ತೆಗೆದದ್ದು ವೈರ್ ಗಂಟು ಬೀಳುತ್ತದೆ ಅಂತ.

ಈಗ ಶ್ರಾವಣ. ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೇಳು ಸೀರೆ ಕೊಡಬೇಕು, ಹಾಗಾಗಿ ಎರಡು ವಾರ ವಿಡಿಯೋ ಇಲ್ಲ ಅಂತ ಹೇಳಿದ್ದೇನೆ. ಮೈಕ್ ಚೀಲದಲ್ಲಿದೆ. ಅದನ್ನು ಸುತ್ತುವ ಕೆಲಸ ಮಗಳದ್ದು. ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ, ನಾನು ದಾರ ಸುತ್ತುವ ಹಾಗೆಯೇ ಸುತ್ತುತ್ತಾಳೆ. ನಿನ್ನೆ ಸುತ್ತಿ ಮುಗಿಸಿ, ಚೀಲದ ಬಾಯಿ ಕಟ್ಟಿ, ನನ್ನ ಪಕ್ಕ ಬಂದು ಕೂತು ಬೇಬಿ ಕುಚ್ಚು ಕಟ್ಟುವುದು ಕಲಿತಳು. ಮೂರು ಕಟ್ಟಿದಳು. ಮೂರನೆಯದು ಚೆನ್ನಾಗಿತ್ತು.