ಇಂಗ್ಲಿಷ್ ಪದ ಕಲಿಯಲು ಆಂಕಿ: ಸಿದ್ಧ ಡೆಕ್ ಬೇಡ, ಕಾರ್ಡ್ ನೀವೇ ಮಾಡಿ

ಕಷ್ಟದ ಇಂಗ್ಲಿಷ್ ಪದಗಳನ್ನು ಕಲಿಯಲು ಆಂಕಿ ಬಳಸಿ ಅಂತ ಹೇಳುವವರು ಬೇಕಾದಷ್ಟು ಜನ. ಹೇಗೆ ಬಳಸಬೇಕು ಅಂತ ಹೇಳುವವರು ಕಡಿಮೆ. ಕಾರ್ಡ್ ತೋರಿಸಿ ನೆನಪಿದೆಯಾ ಅಂತ ಕೇಳುವ, 2006ರಿಂದ ಇರುವ ಸಾಫ್ಟ್‌ವೇರ್ ಇದು. ಕಂಪ್ಯೂಟರ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ, ಐಫೋನ್‌ಗೆ ಮಾತ್ರ ದುಡ್ಡು ಕೊಡಬೇಕು. ನೋಡಲು ಅಷ್ಟೇನೂ ಚೆಂದ ಇಲ್ಲ. ಸೆಟ್ಟಿಂಗ್ಸ್ ತೆರೆದರೆ ತಲೆ ಕೆಡುತ್ತದೆ, ಸದ್ಯಕ್ಕೆ ಆ ಕಡೆ ಹೋಗಲೇಬೇಡಿ.

ಕಾರ್ಡಿನ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಉತ್ತರ ನೋಡಿದ ಮೇಲೆ ಎಷ್ಟು ನೆನಪಿತ್ತು ಅಂತ ನಾಲ್ಕು ಬಟನ್‌ಗಳಲ್ಲಿ ಒಂದನ್ನು ಒತ್ತಬೇಕು. ನೆನಪಿದ್ದ ಪದ ಕೆಲವು ದಿನ ಬಿಟ್ಟು, ಆಮೇಲೆ ವಾರ, ತಿಂಗಳು ಬಿಟ್ಟು ಬರುತ್ತದೆ, ಮರೆತದ್ದು ಸ್ವಲ್ಪ ಹೊತ್ತಿಗೇ ಮತ್ತೆ ಎದುರಿಗೆ ನಿಲ್ಲುತ್ತದೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದರು, ಇದರ ಬೇರು ಅಲ್ಲಿದೆ. ಮರೆಯದಂತೆ ನೋಡಿಕೊಳ್ಳುವ ವಿಷಯದಲ್ಲಿ ಆಂಕಿಗೆ ಪೂರ್ತಿ ಮಾರ್ಕ್ಸ್.

ಆದರೆ ಇದು ಅರ್ಥ ಕಲಿಸುವುದಿಲ್ಲ. ನೀವು ಹಾಕಿದ್ದನ್ನೇ ವಾಪಸ್ ಕೇಳುತ್ತದೆ, ಅಷ್ಟೆ. ಎಡವಟ್ಟಾಗುವುದು ಇಲ್ಲೇ. ಸಾವಿರಾರು ಪದಗಳ ಸಿದ್ಧ ಡೆಕ್, ಅಂದರೆ ಬೇರೆಯವರು ಮಾಡಿಟ್ಟ ಕಾರ್ಡುಗಳ ಕಟ್ಟು, ಇಳಿಸಿಕೊಂಡರೆ ಅದರಲ್ಲಿ ಎಷ್ಟೋ ಸಲ ಇರುವುದು ಪದ ಮತ್ತು ಒಂದು ಸಮಾನಾರ್ಥಕ, ಅಂದರೆ ಮಿಟಿಗೇಟ್ ಅಂದರೆ ಕಡಿಮೆ ಮಾಡು, ಮುಗಿಯಿತು. ಹಾಗಂತ ಟಿವಿ ಸೌಂಡನ್ನು ಮಿಟಿಗೇಟ್ ಮಾಡು ಅನ್ನಲಾಗುತ್ತದಾ? ರಿಸ್ಕ್, ಹಾನಿ, ನೋವು, ಇಂಥ ಕೆಟ್ಟದ್ದರ ಜೊತೆಗೇ ಆ ಪದ ಹೊಂದುವುದು. ಜಡ್ಜ್ ಡಿಸಿಂಟರೆಸ್ಟೆಡ್ ಆಗಿರಬೇಕು ಅಂದರೆ ಆಕಳಿಸುತ್ತ ಕೂರಬೇಕು ಅಂತಲ್ಲ, ಯಾರ ಕಡೆಗೂ ವಾಲಬಾರದು ಅಂತ. ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗುವವರು ಬರೆಯುವ ಜಿಆರ್‌ಇ ಪರೀಕ್ಷೆಯವರೇ 2011ರಲ್ಲಿ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟು ವಾಕ್ಯದಲ್ಲಿ ಪದ ಕೂರಿಸುವ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟರು. ಡೆಕ್ ಮಾಡುವವರಲ್ಲಿ ಕೆಲವರಿಗೆ ಇನ್ನೂ ಸುದ್ದಿ ಮುಟ್ಟಿದಂತಿಲ್ಲ.

ಹಾಗಾಗಿ ಓದುವಾಗ ಪದ ಸಿಕ್ಕ ವಾಕ್ಯವನ್ನೇ ಕಾರ್ಡಿಗೆ ಹಾಕಿ, ಪದದ ಜಾಗ ಖಾಲಿ ಬಿಡಿ. ಕ್ಲೋಜ್ ಅನ್ನುವ ಬಗೆಯ ಕಾರ್ಡ್ ಇರುವುದೇ ಇದಕ್ಕೆ. ಹಿಂದುಗಡೆ ಅರ್ಥದ ಜೊತೆ ಅದು ಹೊಗಳುವ ಪದವೋ ತೆಗಳುವ ಪದವೋ ಅಂತಲೂ ಬರೆದಿಡಿ. ಫೇಮಸ್ ಅನ್ನಬೇಕಾದವರನ್ನು ನಟೋರಿಯಸ್ (ಕುಖ್ಯಾತ) ಅಂದರೆ ಅವರಿಗೆ ಖುಷಿಯಾಗುವುದಿಲ್ಲ, ಅಲ್ವಾ?

ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಸೆಟ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇದೊಂದನ್ನು ಮಾತ್ರ ಐದಾರಕ್ಕೆ ಇಳಿಸಿ, ಇಲ್ಲದಿದ್ದರೆ ಹಳೆಯವೆಲ್ಲ ಗುಡ್ಡೆ ಬಿದ್ದು ಒಂದು ವಾರ ತಪ್ಪಿಸಿದರೂ ಆ್ಯಪ್ ತೆರೆಯಲೇ ಭಯವಾಗುತ್ತದೆ. ಎಂಟು ಸಲ ಮರೆತ ಕಾರ್ಡಿಗೆ ಲೀಚ್ (ಜಿಗಣೆ) ಅಂತ ಆಂಕಿಯೇ ಗುರುತು ಹಾಕುತ್ತದೆ, ನನಗೆ ತುಂಬ ಹಿಡಿಸಿದ್ದು ಇದು. ಅಂಥ ಪದವನ್ನು ಸುಮ್ನೆ ಉರು ಹೊಡೆಯಬೇಡಿ, ಅಳಿಸಿ ಬೇರೆ ವಾಕ್ಯದಲ್ಲಿ ಹೊಸದಾಗಿ ಮಾಡಿ.

ದಿನಾ ಒಂದಿಷ್ಟು ಇಂಗ್ಲಿಷ್ ಓದುವವರು ಧೈರ್ಯವಾಗಿ ಹಾಕಿಕೊಳ್ಳಿ. ಏನೂ ಓದದೆ ಬರೀ ಪದ ಬೇಕು ಅನ್ನುವವರಿಗೆ ನಾನು ಹೇಳುವುದಿಲ್ಲ, ಕಾರ್ಡಿಗೆ ವಾಕ್ಯ ಎಲ್ಲಿಂದ ತರುತ್ತೀರಿ?