ಕಂಬದ ತುದಿಯೋ, ಕ್ಯಾಬಿನ್ ಚಾವಣಿಯೋ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಬಲ್ ಕೊಳ್ಳುತ್ತಿದ್ದಾಗ ಮಲ್ಪೆಯಿಂದ ಭಾವನ ಫೋನು: ‘ಬೋಟಿನ ಜಿಪಿಎಸ್ ಆಂಟೆನಾ ಎಲ್ಲಿ ಕೂರಿಸಲಿ?’

ಎತ್ತರ ಇದ್ದಷ್ಟೂ ಒಳ್ಳೆಯದು ಅನ್ನುವುದು ಬೋಟಿನಿಂದ ಮಾತಾಡುವ ವಿಎಚ್‌ಎಫ್ ರೇಡಿಯೊಗೆ ಸರಿ. ಜಿಪಿಎಸ್ ಉಪಗ್ರಹಗಳು ಇರುವುದೇ ಸುಮಾರು 20,200 ಕಿ.ಮೀ. ಮೇಲೆ; ನಾಲ್ಕು ಮೀಟರ್ ಏರಿಸಿ ಏನು ಬಂತು? ಬೋಟು ಹೊಯ್ದಾಡಿದರೆ ಕಂಬದ ತುದಿ ಆಚೀಚೆ ಬೀಸುತ್ತದೆ. ನಿಂತ ಬೋಟಿಗೂ ಪರದೆಯಲ್ಲಿ ವೇಗ ಕಾಣುತ್ತದೆ, ದಿಕ್ಕಿನ ಬಾಣ ಗಿರಕಿ ಹೊಡೆಯುತ್ತದೆ. ಕೇಬಲ್ಲೂ ಉದ್ದ.

ನನ್ನ ಓಟು ಚಾವಣಿಗೆ. ಆಕಾಶ ತೆರೆದಿರಲಿ, ರೇಡಾರ್ ಕಿರಣದ ಮಟ್ಟ ತಪ್ಪಿಸಿ, ವಿಎಚ್‌ಎಫ್ ಆಂಟೆನಾದಿಂದ ಒಂದು ಮೀಟರ್ ದೂರವಿಡಿ. ಫೈಬರ್ ಚಾವಣಿಯಾದರೆ ಒಳಗಿಟ್ಟರೂ ಸಾಮಾನ್ಯವಾಗಿ ನಡೆಯುತ್ತದೆ, ಉಕ್ಕಿನದಾದರೆ ಇಲ್ಲ. ಭಾವನಂತೆ ಚಾವಣಿ ಮೇಲೆ ಬಲೆ ಪೇರಿಸುವವರಾದರೆ ಕಂಬವೇ ಸರಿ, ಅದೂ ಅರ್ಧ ಎತ್ತರಕ್ಕೆ.